ಒಂದು ಉಣ್ಣಿ ಸಿಕ್ಕರೂ ನಾಯಿ ಹೊಲಕ್ಕೆ

ಗದಗ-ಬೆಟಗೇರಿಯಿಂದ ಮುಂಡರಗಿ ತನಕ ಹುಲ್ಲಿನ ತುದಿಯಲ್ಲಿ ಕೂತ ಉಣ್ಣಿಗಳೆಲ್ಲ ನನ್ನ ಟೆಂಪೊ ಸದ್ದು ಕೇಳಿದರೆ ಸಾಕು, ಸಂಸಾರ ಸಮೇತ ಕೆಳಗಿಳಿದು ದಾರಿ ಬಿಡುತ್ತವೆ. ಸುಳ್ಳು. ನನ್ನನ್ನು ಕಂಡರೆ ಅವಕ್ಕೆ ಕೊನೇ ಬಸ್ಸು ಸಿಕ್ಕಷ್ಟು ಖುಷಿ. ಹತ್ತಿದವು ಇಳಿಯುವುದೇ ಇಲ್ಲ. ಇಂಥ ಪ್ರಸಂಗಗಳು ಊರಲ್ಲಿ ಬೇರೆ ಯಾರಿಗೂ ಆಗುವುದಿಲ್ಲ, ಎಲ್ಲ ನನ್ನ ಮನೆಯ ವಿಳಾಸ ಕೇಳಿಕೊಂಡೇ ಬರುತ್ತವೆ.

ಲಕ್ಷ್ಮೇಶ್ವರದಲ್ಲಿ ನನ್ನದು ದನದ ಹಿಂಡಿಯ ಅಂಗಡಿ. ಹಿಂಡಿ ಮುಟ್ಟಿಸಲು ಹಳ್ಳಿ ಹಳ್ಳಿ ತಿರುಗುತ್ತೇನೆ. ಟೆಂಪೊದಲ್ಲಿ ಪಕ್ಕದ ಸೀಟು ನನ್ನ ನಾಯಿಯದು. ಅದು ಹುಲ್ಲಲ್ಲಿ ಹೊರಳಿ ಬರುತ್ತದೆ, ಉಣ್ಣಿ ತರುತ್ತದೆ. ಒಂದು ದಿನ ತಲೆದಿಂಬಿನ ಮೇಲೆ ಉಣ್ಣಿ ಹರಿದಾಡುವುದನ್ನು ಕಂಡ ನನ್ನ ಹೆಂಡತಿ ಕಾನೂನು ಹೊರಡಿಸಿದಳು.

"ಇನ್ನ ಮ್ಯಾಲ ಮನಿಯಾಗ ಒಂದ ಉಣ್ಣಿ ಸಿಕ್ರೂ, ಅದು ಯಾರ ಮೈಮ್ಯಾಗಿಂದೋ ಅವರು ಅವತ್ತ ಅಡರಕಟ್ಟಿ ಹೊಲದ ಗುಡಿಸಲಕ್ಕ. ಅಲ್ಲೇ ಇರಬೇಕು."

ಹೇಳಿದ್ದು ನನಗೆ, ನೋಡಿದ್ದು ನಾಯಿಯನ್ನು. ಆ ಹೊಲದ ಕಡೆ ತೋಳ ಸುಳಿಯುತ್ತವೆ. ನಮ್ಮ ನಾಯಿಯೋ, ಪಕ್ಕದ ಮನೆಯ ಬೆಕ್ಕು ಆಕಳಿಸಿದರೂ ಮಂಚದ ಕೆಳಗೆ ಹೋಗುವಂಥದ್ದು. ಅದನ್ನು ಉಳಿಸಿಕೊಳ್ಳುವುದೇ ನನ್ನ ಉದ್ಯೋಗವಾಯಿತು.

ಕಾಲುಚೀಲದ ಸಾಹೇಬ

ದನದ ಡಾಕ್ಟರ ಹತ್ತಿರ ಹೋದೆ. ಅವರು ನಾಯಿಯ ಹೆಗಲ ಮೇಲೆ ಔಷಧ ಬಿಟ್ಟರು. ನನಗೂ ಬುದ್ಧಿ ಹೇಳಿದರು: "ಬಿಳೇ ಪ್ಯಾಂಟ್ ಹಾಕ್ಕೋರಿ, ಹುಳ ಹತ್ತಿದ್ರ ಕಾಣತೈತಿ. ಪ್ಯಾಂಟಿನ ತುದಿ ಕಾಲಚೀಲದಾಗ ತುರಕ್ರಿ. ಹುಲ್ಲು ಬಿಟ್ಟು ದಾರಿ ಮ್ಯಾಲ ನಡೀರಿ."

ಮರುದಿನ ಹಾಗೇ ಸಿಂಗರಿಸಿಕೊಂಡು ಶಿರಹಟ್ಟಿ ಕಡೆಯ ಒಂದು ಹಳ್ಳಿಗೆ ಹೋದೆ. ಕಟ್ಟೆಯ ಮೇಲಿದ್ದ ಮಂದಿ ಎದ್ದು ನಿಂತು ಕೈಮುಗಿದರು. ಬೆಳೆ ನೋಡಲು ಬಂದ ಸಾಹೇಬ ಅಂದುಕೊಂಡಿದ್ದರು. ನಾನೂ ಬೇಡ ಅನ್ನಲಿಲ್ಲ. ಗಂಭೀರವಾಗಿ ಒಂದು ಜೋಳದ ತೆನೆ ಹಿಡಿದು, "ಪರವಾಗಿಲ್ಲ" ಅಂದೆ.

ಒಬ್ಬ ಅಜ್ಜ ಮಾತ್ರ ನನ್ನ ಕಾಲಿನಿಂದ ಕಣ್ಣು ತೆಗೆಯಲಿಲ್ಲ. "ಪ್ಯಾಂಟ್ ಯಾಕ ಚೀಲದಾಗ ತುರುಕೀರಿ ಸಾಹೇಬ್ರ?"

"ಉಣ್ಣಿ ಹತ್ತಬಾರದಂತ ಅಜ್ಜಾ. ಹುಲ್ಲಾಗಿಂದ ಕಾಲಿಗೆ ಬರ್ತಾವ."

ಅಜ್ಜ ಮೊಣಕಾಲ ಮೇಲಿದ್ದ ತನ್ನ ಧೋತರ ನೋಡಿಕೊಂಡ. ಹುಲ್ಲಲ್ಲಿ ಹೊಟ್ಟೆ ಮೇಲೆ ಮಾಡಿ ಹೊರಳುತ್ತಿದ್ದ ನನ್ನ ನಾಯಿಯನ್ನು ನೋಡಿದ. "ನಿಮ್ಮದು ಆತು. ಈ ಸಣ್ಣ ಸಾಹೇಬ್ರಿಗೆ ಪ್ಯಾಂಟ್ ಹೊಲಿಯಾಕ ಹಾಕೀರಿಲ್ಲೋ?"

ಊದುಬತ್ತಿ ವೈದ್ಯ

ಅಂದು ಸಂಜೆ ಅಂಗಳದಲ್ಲಿ ನಾಯಿಯನ್ನು ತಡಕಿದೆ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ. ಬಾಲದ ಬುಡದಲ್ಲಿ ಒಂದು ಸಿಕ್ಕಿತು. ಹೆಂಡತಿ ಅಡುಗೆಮನೆಯಲ್ಲಿದ್ದಳು. ಜಲ್ದಿ ಕೆಲಸ ಮುಗಿಯಬೇಕಿತ್ತು.

ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಪಿಂಚಣಿ ಶುರುವಾದ ಮೇಲೆ ಅವರಿಗೆ ಬಾರದ ವೈದ್ಯ ಇಲ್ಲ. "ಜಗ್ಗಬ್ಯಾಡೋ! ಊದಬತ್ತಿ ಕೆಂಡ ಮುಟ್ಟಿಸಿದ್ರ ತಾನ ಬಿಡತೈತಿ," ಎಂದು ದೇವರ ಮುಂದಿನದನ್ನೇ ಕಿತ್ತುಕೊಂಡು ಬಂದರು.

ಕೆಂಡ ಹತ್ತಿರ ಬಂದಿದ್ದೇ ತಡ, ನಾಯಿ ಬಾಲ ಬೀಸಿತು. ಊದುಬತ್ತಿ ಹಾರಿ ಅವರ ಮಡಿಲಲ್ಲೇ ಬಿತ್ತು. ಅವರು ಅಂಗಳದಲ್ಲಿ ಕುಣಿದ ಕುಣಿತಕ್ಕೆ ಓಣಿಯೇ ನೆರೆಯಿತು. ಹೆಂಡತಿಯೂ ಹೊರಗೆ ಬಂದಳು. "ಏನಾತು?"

"ಪೂಜಾ ನಡದೈತಿ," ಎಂದೆ.

ನಾನೂ ನೆರೆಯವರೂ ನಾಯಿ ಹಿಡಿದುಕೊಂಡು ಡಾಕ್ಟರ ಬಳಿ ಓಡಿದೆವು. ಅವರು ಬೈದರು: "ಸುಟ್ರ, ಎಣ್ಣಿ ಸುರದ್ರ ಅದು ಹೊಟ್ಟಿಯಾಗಿನ ಹೊಲಸೆಲ್ಲಾ ಕಚ್ಚಿದ ಜಾಗಾಕ್ಕ ಕಾರತೈತಿ. ಸಣ್ಣ ಚಿಮಟದಿಂದ ತೊಗಲಿಗೆ ಹತ್ತಿ ಹಿಡದು, ತಿರುವಲಾರದ, ಹಿಚುಕಲಾರದ, ನೆಟ್ಟಗ ಎಳೀಬೇಕು. ಆಮ್ಯಾಲ ಸಬಕಾರ ಹಚ್ಚಿ ತೊಳೀಬೇಕು. ತಿಳೀತ?"

ನಾನು ತಲೆಯಾಡಿಸಿದೆ. ನೆರೆಯವರು ಧೋತರದ ತೂತಿನೊಳಗಿಂದ ಬೆರಳು ಹೊರಗೆ ಹಾಕಿ ಕೇಳಿದರು: "ಅದು ಆತ್ರಿ ಡಾಕ್ಟರ್ ಸಾಹೇಬ್ರ. ಇದಕ್ಕೇನ ಹಚ್ಚಬೇಕು?"

ಬಂಗಾರದ ಚಿಮಟ

ಸಣ್ಣ ಚಿಮಟ ನಮ್ಮ ಓಣಿಯಲ್ಲಿ ಇರುವುದು ಅಕ್ಕಸಾಲಿಗರ ಬಳಿ ಮಾತ್ರ. "ಹರಳು ಕೂಡಸೋದೈತಿ," ಎಂದು ಹೇಳಿ ತಂದೆ. ಪೂರ್ತಿ ಸುಳ್ಳಲ್ಲ, ಉಣ್ಣಿ ತುಂಬಿಕೊಂಡಾಗ ಹರಳಿನಂತೆಯೇ ಹೊಳೆಯುತ್ತದೆ. ಅವರಿಗೆ ವಿಷಯ ಗೊತ್ತಾಗಿ ಚಿಮಟವನ್ನು ವಾಪಸು ತೆಗೆದುಕೊಳ್ಳಲೇ ಇಲ್ಲ. ಈಗಲೂ ಎದುರು ಸಿಕ್ಕರೆ ಅವರದು ಒಂದೇ ಪ್ರಶ್ನೆ: "ಏನಪಾ, ಹೊಸಾ ಮಾಲು ಬಂತೇನ?"

ಗಾದಿಯಂಥ ಜಾಗ

ಎಳ್ಳು ಅಮಾವಾಸ್ಯೆಗೆ ಹೊಲದಲ್ಲಿ ಚರಗದ ಎಡೆ ಚೆಲ್ಲಲು ನಮ್ಮತ್ತೆ ಹಿರೇವಡ್ಡಟ್ಟಿಯಿಂದ ಬಂದರು. ಅವರಿಗೆ ನಾಯಿ ಅಂದರೆ ಆಗದು. ಮಗಳ ಕಾನೂನು ಕೇಳಿ, "ಛಲೋ ಮಾಡೀ," ಎಂದು ಬೆನ್ನು ತಟ್ಟಿದರು. "ಅಡಿಗಿ ಇರೋ ಗಾಡ್ಯಾಗ ಆ ನಾಯಿ ಬ್ಯಾಡ. ಮನಿಯಾಗ ಕಟ್ರಿ." ಕಟ್ಟಿದೆವು.

ಹೊಲದಲ್ಲಿ ಹುಲ್ಲಿಲ್ಲದ, ಮೆತ್ತನೆಯ, ಕರಿಯ ಮಣ್ಣಿನ ಒಂದು ಮೂಲೆಯನ್ನು ಅತ್ತೆಯೇ ಆರಿಸಿದರು. ಅಲ್ಲಿ ಗೊಬ್ಬರಕ್ಕೆಂದು ಕುರಿಹಿಂಡು ತರುಬಿಸಿದ್ದೆ, ಹಿಂದಿನ ವಾರವಷ್ಟೇ ಎದ್ದು ಹೋಗಿತ್ತು.

"ಅತ್ತೀ, ಅಲ್ಲಿ ಕುರಿ ಮಲಗಿದ್ವು, ಉಣ್ಣಿ ಇರ್ತಾವು," ಎಂದೆ.

"ನಿಮ್ಮ ಚ್ಯಾಷ್ಟಿ ಸಾಕ ಬಿಡ್ರಿ ಅಳಿಯಂದ್ರ. ಗಾದಿ ಇದ್ದಂಗೈತಿ!" ಎಂದು ಜಮಖಾನ ಹಾಸಿ ಕೂತೇ ಬಿಟ್ಟರು. ನಾನು ಖರೆ ಹೇಳಿದಾಗಲೇ ಯಾರೂ ನಂಬುವುದಿಲ್ಲ. ಸಜ್ಜೆ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗೆ ಉಂಡು ಅಲ್ಲೇ ಒಂದು ನಿದ್ದೆಯನ್ನೂ ತೆಗೆದರು.

ಮನೆಗೆ ಬಂದ ಮೇಲೆ ನಾವೆಲ್ಲ ಬಟ್ಟೆ ಬದಲಿಸಿ, ಕಿವಿ-ಕಂಕುಳ ನೋಡಿಕೊಂಡೆವು. ಅತ್ತೆಗೂ ನೋಡಿಕೊಳ್ಳಿ ಎಂದೆ.

"ನಾ ಏನ್ ನಾಯೇನ್ರೀ?"

ಭಾಗ್ಯದ ಮಚ್ಚೆ

ಮುಂದೆ ಕೆಲವು ದಿನಕ್ಕೆ ಅತ್ತೆಯ ತುರುಬಿನ ಕೆಳಗೆ, ಕುತ್ತಿಗೆಯ ಹಿಂದೆ, ಹೊಸದೊಂದು ಕರಿ ಮಚ್ಚೆ ಎದ್ದಿತು. ನೋಡಿದ್ದು ಎದುರು ಮನೆಯ ಅಮ್ಮ. "ಅಯ್ಯ ಯಕ್ಕಾ, ಈ ಜಾಗಾದಾಗ ಮಚ್ಚಿ ಅಂದ್ರ ದೊಡ್ಡ ಭಾಗ್ಯ! ಕುಂತಲ್ಲೇ ಕುಂತು ಉಣ್ಣೋ ಯೋಗ!"

ಸುದ್ದಿ ಹಬ್ಬಿತು. ಓಣಿಯ ಹೆಂಗಸರು ಬಂದು ತುರುಬು ಎತ್ತಿ ನೋಡಿದರು. ಇಬ್ಬರು ಮಚ್ಚೆಗೆ ಕುಂಕುಮ ಹಚ್ಚಿದರು. ದಿನಾ ಸ್ವಲ್ಪ ದೊಡ್ಡದಾಗುತ್ತಿದೆ ಎಂದು ಅತ್ತೆಗೆ ನೆಲದ ಮೇಲೆ ಕಾಲು ನಿಲ್ಲದು.

ಹೆಂಡತಿ ಹಾಲು ತರಲು ಹೋಗಿದ್ದಾಗ ನನ್ನನ್ನು ಕರೆದರು. "ಅಳಿಯಂದ್ರ, ಇವತ್ತೆಷ್ಟ ಬೆಳದೈತಿ ನೋಡ್ರಿ."

ಚಾಳೀಸು ಕನ್ನಡಕ ಏರಿಸಿ ನೋಡಿದೆ. ಭಾಗ್ಯ ಕಾಲು ಆಡಿಸಿತು.

ಉಣ್ಣಿ ಅಂದರೆ ಅತ್ತೆ ನಾಯಿಯ ಕಡೆ ಬೆರಳು ತೋರಿಸುತ್ತಾರೆ. ಸುಮ್ಮನಿದ್ದರೆ ಅತ್ತೆಯ ಗತಿ?

"ಅತ್ತೀ, ನಿಮ್ಮ ಭಾಗ್ಯಕ್ಕ ಕಾಲು ಬಂದಾವು."

"ನನ್ನ ಕಡೆ ನಡಕೋತ ಬರಾಕತ್ತೈತೇನ್ರೀ?"

"ಬಂದು ಮುಟ್ಟೈತಿ. ಕುಂತು ಉಣ್ಣಾಕತ್ತೈತಿ."

ಅವರಿಗೆ ಅರ್ಥವಾಗಿ, ಚೀರಲು ತೆರೆದ ಬಾಯಿಗೆ ಸೆರಗು ತುರುಕಿಕೊಂಡರು. ನಾನು ಚಿಮಟದಿಂದ ನೆಟ್ಟಗೆ ಎಳೆದೆ, ಸಾಬೂನು ಹಚ್ಚಿ ತೊಳೆದೆ, ಉಣ್ಣಿಯನ್ನು ಸ್ಪಿರಿಟ್ ಬಾಟಲಿಗೆ ಹಾಕಿದೆ. ಅತ್ತೆ ನನ್ನ ಕೈ ಹಿಡಿದರು. "ಯಾರ ಮುಂದೂ ಹೇಳಬ್ಯಾಡ್ರಿ. ಓಣಿಗೆ ಓಣೀನ ಬಂದು ಅದಕ್ಕ ಕೈಮುಗದು ಹೋಗೈತಿ!" "ಹೇಳೂದಿಲ್ರಿ," ಎಂದು ಮಾತು ಕೊಟ್ಟೆ.

ಅಷ್ಟರಲ್ಲಿ ಹೆಂಡತಿ ಬಂದಳು. ಬಾಟಲಿ ಕಂಡಳು. "ಉಣ್ಣಿ! ಸಿಕ್ತಲ್ಲ? ನಾಯಿ ಈಗಿಂದೀಗ ಹೊಲಕ್ಕ!"

ನಾಯಿ ಮಂಚದ ಕೆಳಗಿಂದ ನನ್ನನ್ನೇ ನೋಡುತ್ತಿತ್ತು. ನಾನು ಅತ್ತೆಯನ್ನು ನೋಡಿದೆ. ಬಾಯಿ ತೆರೆದೆ, ತೆರೆದದ್ದು ಅವರಿಗೂ ಕಂಡಿತು.

"ನಾಯೀದಲ್ಲವ್ವಾ ಅದು!" ಅತ್ತೆ ಕೂಗಿದರು. "ಪಾಪ, ಮೂಕಪ್ರಾಣಿ, ಅದ್ಯಾಕ ಹೋಗಬೇಕು? ಅದು ಹೊಲಕ್ಕ ಬಂದೇ ಇಲ್ಲ. ಒಳಗ ಬೆಚ್ಚಗ ಮಲಗ್ಲಿ."

"ಮತ್ತ ಇದು ಯಾರ ಮೈಮ್ಯಾಗಿಂದು?"

ಅತ್ತೆ ಸೆರಗು ಸರಿಮಾಡಿಕೊಂಡು, ಕಣ್ಣು ಮಿಟುಕಿಸದೆ, ಬೆರಳು ಎತ್ತಿ ತೋರಿಸಿದರು. "ನಿನ್ನ ಗಂಡಂದು."

ಕಾನೂನು ಕಾನೂನೇ. ಅವತ್ತಿನಿಂದ ಗುಡಿಸಲಲ್ಲಿದ್ದೇನೆ. ತೋಳದ ದನಿ ಒಂದೊಂದೂ ಗುರುತಾಗಿದೆ. ಅತ್ತೆಗೆ ಕೊಟ್ಟ ಮಾತಿನಂತೆ ಈ ಸುದ್ದಿ ಯಾರ ಮುಂದೂ ಬಾಯಿ ಬಿಟ್ಟಿಲ್ಲ, ನಿಮ್ಮನ್ನು ಮತ್ತು ಈ ಚಹಾದಂಗಡಿಯಲ್ಲಿ ಕೂತವರನ್ನು ಬಿಟ್ಟು. ಹೊಲದಿಂದ ನೆಟ್ಟಗೆ ಇಲ್ಲಿಗೇ ಬಂದೆ ನೋಡ್ರಿ. ಪಾಕೀಟು ಮನೆಯಲ್ಲಿ ನನ್ನ ಹಾಸಿಗೆಯ ಕೆಳಗೈತಿ, ಹಾಸಿಗೆಯ ಮೇಲೆ ನಾಯಿ ಮಲಗೈತಿ. ಅದನ್ನ ಎಬ್ಬಿಸೋದು ಪಾಪ. ಈ ಚಹಾದ ರೊಕ್ಕ ನೀವ ಕೊಟ್ಟುಬಿಡ್ರಿ.