ಹೀತ್ ಗಿಡ ಬೆಳೆಸಿದವನು ನಾನೇ

ತಾನಾಗಿ ಹುಟ್ಟಿದ ಗಿಡವೊಂದನ್ನು ನಾನೇ ಬೆಳೆಸಿದ್ದು ಎಂದು ಹನ್ನೊಂದು ವರ್ಷ ಹೇಳಿಕೊಂಡು ತಿರುಗಿದ್ದೊಂದೇ ನಾನು ಬಾಳಿನಲ್ಲಿ ಮಾಡಿದ ತಪ್ಪು. (ನನ್ನ ಹೆಂಡತಿ ನೊಯ್ಲೀನ್ ಇಟ್ಟುಕೊಂಡಿರುವ ಪಟ್ಟಿ ಇದಕ್ಕಿಂತ ಉದ್ದವಿದೆ.) ನಮ್ಮ ಗೇಟಿನ ಪಕ್ಕ ಒಂದು ಹೀತ್ ಗಿಡವಿತ್ತು. ಮೊಣಕಾಲೆತ್ತರ, ಎಲೆಯ ತುದಿಯೆಲ್ಲ ಸೂಜಿ, ಮುಟ್ಟಿದವರು "ಹಾ" ಎನ್ನದೆ ಕೈ ತೆಗೆದದ್ದಿಲ್ಲ. ಆದರೆ ನಮ್ಮಲ್ಲಿ ಚಳಿಗಾಲವಾದ ಜುಲೈಯಲ್ಲಿ ಕಡ್ಡಿಕಡ್ಡಿಗೂ ಗುಲಾಬಿ ಬಣ್ಣದ ಕೊಳವೆ ಹೂ ಬಿಟ್ಟು ನಿಂತರೆ ದಾರಿಹೋಕರು ಕಾರು ನಿಲ್ಲಿಸುತ್ತಿದ್ದರು. ವಿಕ್ಟೋರಿಯಾ ರಾಜ್ಯದ ನಮ್ಮ ಕರಾವಳಿ ಬಯಲಲ್ಲಿ ಲಕ್ಷಗಟ್ಟಲೆ ಬೆಳೆಯುವ ಈ ಗಿಡ ಮನೆಯಂಗಳಕ್ಕೆ ಬಂದರೆ ಯಾರ ಮಾತೂ ಕೇಳುವುದಿಲ್ಲ. ಹಾಗಾಗಿ ಈ ನೆಲದ್ದೇ ಗಿಡಗಳನ್ನು ಬೆಳೆಸುವ ನಮ್ಮೂರ ನಾಡಗಿಡಗಳ ಸಂಘದಲ್ಲಿ ನಾನು ಹೀತ್ ಸಾರ್ವಭೌಮ.

ಏಪ್ರಿಲ್ ಸಭೆಯಲ್ಲಿ ಅಧ್ಯಕ್ಷೆ ಬೆರಿಲ್ ಎದ್ದು ನಿಂತರು. "ಜುಲೈ ಮೊದಲನೇ ಶನಿವಾರ ಎಲ್ರೂ ಮರ್ವಿನ್ ಮನೆಗೆ. ಹೀತ್ ಬೆಳೆಸೋದು ಹೇಗೆ ಅಂತ ಅವನೇ ತೋರಿಸ್ತಾನೆ. ಎಲ್ರಿಗೂ ಒಂದೊಂದು ಸಸಿನೂ ಕೊಡ್ತಾನೆ." ಚಪ್ಪಾಳೆ ಬಿತ್ತು. ನನ್ನ ತಲೆ, ನನ್ನನ್ನು ಕೇಳದೆಯೇ, ಹೂಂ ಎಂದು ಆಡಿತು.

"ತಾನಾಗ್ ಬಂದಿದ್ ಗಿಡಕ್ಕೆ ಅಪ್ಪ ಆಗಿದ್ದು ಸಾಲ್ದು, ಈಗ ಭಾಷಣ ಬೇರೆ!" ಎಂದಳು ಮನೆಯಲ್ಲಿ ನೊಯ್ಲೀನ್.

"ಮೆಲ್ಲಗೆ ಮಾತಾಡೇ, ಪಕ್ಕದ್ಮನೆಯವ್ರೂ ಮೆಂಬರು."

"ನಿಜ ಹೇಳ್ಬಿಡು."

"ಹನ್ನೊಂದ್ ವರ್ಷ ಆದ್ಮೇಲಾ? ನನ್ ಮರ್ಯಾದೆ ಏನಾಗ್ಬೇಕು?"

"ಇದ್ರೆ ತಾನೆ ಏನಾದ್ರೂ ಆಗೋದು."

ಅಂದು ಆರಂಭವಾಯಿತು ನನ್ನ ತಪಸ್ಸು. ನಲವತ್ತು ಕಡ್ಡಿ ಕತ್ತರಿಸಿ, ಮರಳಿನ ಕುಂಡಗಳಲ್ಲಿ ಊರಿ, ಬಾಟಲಿ ಕವುಚಿ, ಬಚ್ಚಲಿನ ಕಿಟಕಿಯಲ್ಲಿಟ್ಟು ಸಾಕಿದೆ. ಹೆತ್ತ ಮಗಳನ್ನೂ ನಾನು ಅಷ್ಟು ಮುದ್ದು ಮಾಡಿರಲಿಲ್ಲ. ನಲವತ್ತೂ ಒಂದೊಂದಾಗಿ ಕಪ್ಪಾದವು. ಕೊನೆಯದು ಹೋದ ದಿನ ಸ್ನಾನದ ತೊಟ್ಟಿಯ ಅಂಚಿನಲ್ಲಿ ಕೂತು ನಿಜಕ್ಕೂ ಅತ್ತುಬಿಟ್ಟೆ.

ಉಳಿದದ್ದು ತಾಯಿಗಿಡವೊಂದೇ. ಅದಾದರೂ ಝಗಝಗಿಸಲಿ ಎಂದು ನೊಯ್ಲೀನ್ ತನ್ನ ಗುಲಾಬಿಗಳಿಗೆ ಹಾಕುವ ಗೊಬ್ಬರವನ್ನು ಎರಡು ಬೊಗಸೆ ಅದರ ಬುಡಕ್ಕೆ ಸುರಿದೆ. ನಮ್ಮ ನಾಡಗಿಡಗಳಿಗೆ ಆ ಗೊಬ್ಬರ ವಿಷ ಎಂದು ಸಂಘದ ಪತ್ರಿಕೆಯಲ್ಲಿ ವರ್ಷಕ್ಕೆರಡು ಸಲ ಬರೆಯುವವನು ನಾನೇ. (ಗಾಬರಿಬಿದ್ದವನು ತನ್ನ ಲೇಖನವನ್ನು ತಾನೇ ಓದುತ್ತಾನೆಯೇ?) ಹತ್ತೇ ದಿನದಲ್ಲಿ ಗಿಡ ಹಳೆಯ ಪೊರಕೆಯಾಯಿತು.

ಶನಿವಾರ ಇಪ್ಪತ್ತಮೂರು ಜನ ಟೋಪಿ, ನೋಟ್‌ಬುಕ್ಕು, ಲ್ಯಾಮಿಂಗ್ಟನ್ ಕೇಕಿನ ಡಬ್ಬಿಗಳ ಸಮೇತ ಬಂದರು. ಗೇಟಿನ ಬಳಿ ಒಬ್ಬೊಬ್ಬರಾಗಿ ಟೋಪಿ ತೆಗೆದರು. ಬೆರಿಲ್ ಬಗ್ಗಿ ಮಣ್ಣು ಮೂಸಿದರು.

"ಮರ್ವಿನ್, ಗುಲಾಬಿ ಗೊಬ್ಬರ ಹಾಕಿದ್ಯಾ?"

"ಹಾಕ್ದೆ," ಎಂದೆ. "ಇನ್ನೊಂದ್ ವಿಷ್ಯ. ಇದನ್ನ ಬೆಳೆಸಿದ್ದು ನಾನಲ್ಲ. ತಾನಾಗೇ ಬಂದಿತ್ತು. ನಾನ್ ಮಾಡಿದ್ದು ಕೊಂದಿದ್ದೊಂದೇ."

ಕೊಲೆಗಾರನನ್ನು ನೋಡುವಂತೆ ಎಲ್ಲರೂ ನನ್ನನ್ನೇ ನೋಡಿದರು. ಭೂಮಿ ಬಾಯಿಬಿಡಬಾರದೇ ಎನಿಸಿತು. ಅಷ್ಟರಲ್ಲಿ ನೊಯ್ಲೀನ್ ಕೈ ಒರೆಸಿಕೊಳ್ಳುತ್ತ ಬಂದು, "ಹೀತ್ ತಾನೆ ನೋಡ್ಬೇಕು? ಹಿಂದ್ಗಡೆ ಬನ್ನಿ," ಎಂದಳು.

ಶೆಡ್ಡಿನ ಹಿಂದೆ, ಬಟ್ಟೆ ಒಣಹಾಕುವ ತಂತಿಯ ಕೆಳಗೆ, ನನ್ನದೇ ಒದ್ದೆ ಅಂಗಿಗಳಡಿಯಲ್ಲಿ ಹೀತ್! ಮೂವತ್ತೋ ನಲವತ್ತೋ, ಎಲ್ಲವೂ ಹೂ ಹೊತ್ತು ನಿಂತಿದ್ದವು.

"ಗೇಟ್ ಹತ್ರ ಗುಡಿಸಿದ್ ಮರಳು, ಕಸ ಎಲ್ಲಾ ಇಲ್ಲೇ ತಂದು ಸುರೀತೀನಿ. ಅದ್ರಲ್ಲೇ ಬೀಜ ಇತ್ತೇನೋ," ಎಂದಳು ನೊಯ್ಲೀನ್.

"ಎಷ್ಟ್ ವರ್ಷದಿಂದ ಇವೆ ಇವು?" ನನ್ನ ದನಿ ನನಗೇ ಕೇಳಿಸಲಿಲ್ಲ.

"ಏಳೆಂಟ್ ವರ್ಷ. ಒಂದ್ ದಿನ ಬಟ್ಟೆ ಒಣಗ್ಹಾಕೋಕೆ ಬಂದಿದ್ರೆ ನಿಂಗೂ ಕಾಣ್ತಿತ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬರ್ತಿದ್ದೆ."

ಬೆರಿಲ್ ಪೆನ್ನಿನ ಮುಚ್ಚಳ ತೆಗೆದರು. "ಹಾಗಾದ್ರೆ ನೊಯ್ಲೀನ್, ಬೆಳೆಸೋ ಕ್ರಮ ಹೇಗೆ, ಸ್ವಲ್ಪ ಹೇಳಿ."

"ಮರ್ವಿನ್ ಕಾಲಿಡದ ಜಾಗ ನೋಡಿ ಹಾಕ್ಬೇಕು. ಅಷ್ಟೆ."

ಇಪ್ಪತ್ತಮೂರು ಜನವೂ ತಲೆ ಬಗ್ಗಿಸಿ ಬರೆದುಕೊಂಡರು.