ಆಯಿಯ ಪಂತ, ಸೀಗಡಿಯ ಮೊಟ್ಟೆ

ವಿಜ್ಞಾನ ಕಲಿಸುವವರ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಪ್ರಯೋಗ ಪುಸ್ತಕದಲ್ಲಿದ್ದಂತೆ ಬಂದರೆ ಮರುದಿನ ಯಾರಿಗೂ ನೆನಪಿರುವುದಿಲ್ಲ, ಕೆಟ್ಟರೆ ಮಾತ್ರ ಊರಿಗೆ ಊರೇ ನೆನಪಿಡುತ್ತದೆ. ಔರಾದ ತಾಲ್ಲೂಕಿನಲ್ಲಿ ನನ್ನನ್ನು ನೆನಪಿಟ್ಟ ಊರುಗಳು ಬಹಳ. ಅದರಲ್ಲೂ ಚಿಂತಾಕಿಯ ಆಚೆಗಿನ ಒಂದು ಸಣ್ಣ ಊರಿನವರು ನಾನು ಸಂತೆಯಲ್ಲಿ ಕಂಡರೆ ಇವತ್ತಿಗೂ "ಟೀಚರ್, ಮೊಟ್ಟಿ ಒಡದ್ವೇನ್ರಿ?" ಎಂದು ಕೇಳುತ್ತಾರೆ.

ಎರಡು ವರ್ಷ ಬಿಡದೆ ಮಳೆ ಕೈಕೊಟ್ಟ ಕಾಲ ಅದು. ದೀಪಾವಳಿ ಮುಗಿದದ್ದೇ ತಡ, ಊರಿನ ಅರ್ಧ ಮನೆಗಳಿಗೆ ಬೀಗ. ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಲಾರಿ ಹತ್ತುವವರು ಮಕ್ಕಳನ್ನೂ ಹತ್ತಿಸಿಕೊಳ್ಳುತ್ತಿದ್ದರು. ನನ್ನ ಏಳನೇ ತರಗತಿಯಲ್ಲಿ ಹತ್ತೊಂಬತ್ತು ಮಕ್ಕಳಿದ್ದದ್ದು ಹನ್ನೊಂದಕ್ಕೆ ಇಳಿದಿತ್ತು. ಹಾಜರಿ ಕರೆಯುವಾಗ ಇಲ್ಲದವರ ಹೆಸರು ಬಂದರೆ ಉಳಿದವರೇ ಒಟ್ಟಾಗಿ "ಹೈದ್ರಾಬಾದ್!" ಎನ್ನುತ್ತಿದ್ದರು. ನಾನು ನಕ್ಕು ರಿಜಿಸ್ಟರ್ ಮುಚ್ಚುತ್ತಿದ್ದೆ, ಆದರೆ ಆ ಹೆಸರುಗಳನ್ನು ಹೊಡೆದುಹಾಕುತ್ತಿರಲಿಲ್ಲ.

ಮೀನಿಲ್ಲದ ಗಿರಾಕಿ

ಉಳಿದ ಮಕ್ಕಳನ್ನಾದರೂ ಹಿಡಿದಿಡಬೇಕೆಂದು, ತರಬೇತಿಯಲ್ಲಿ ಕೇಳಿದ ಒಂದು ಪ್ರಯೋಗ ಮಾಡಲು ಹೊರಟೆ. ಉಪ್ಪುನೀರಿನಲ್ಲಿ ಬದುಕುವ ಒಂದು ಜಾತಿಯ ಪುಟ್ಟ ಸೀಗಡಿಯಿದೆ. ಅದರ ಮೊಟ್ಟೆ ಒಣಗಿ ಪುಡಿಯಂತೆ ವರ್ಷಗಟ್ಟಲೆ ಬಿದ್ದಿರುತ್ತದೆ. ಉಪ್ಪುನೀರು, ಬೆಳಕು, ಒಂದಿಷ್ಟು ಬಿಸುಪು ಸಿಕ್ಕರೆ ಒಂದೂವರೆ ದಿನದೊಳಗೆ ಒಡೆದು ಮರಿ ಈಜುತ್ತದೆ. ಸಾಕುಮೀನಿನ ಮರಿಗಳಿಗೆ ಅದೇ ಆಹಾರ.

ಬೀದರಿನಲ್ಲಿ ಗಾಜಿನ ಪೆಟ್ಟಿಗೆಯ ಮೀನು ಮಾರುವ ಅಂಗಡಿಯೊಂದನ್ನು ಹುಡುಕಿ ಆ ಮೊಟ್ಟೆ ಕೇಳಿದೆ. ಅಂಗಡಿಯವರು ಹಿರಿಯರು. ಪೊಟ್ಟಣ ಕಟ್ಟುತ್ತಾ, "ಎಷ್ಟು ಮೀನ ಅವರಿ ನಿಮ್ಮ ಬಲ್ಲಿ?" ಎಂದರು.

"ಒಂದೂ ಇಲ್ರಿ."

"ಮತ್ತ ಇದು ಯಾರಿಗಿ?"

"ಸಾಲಿ ಮಕ್ಕಳಿಗಿ."

ಕಟ್ಟುತ್ತಿದ್ದ ಕೈ ನಿಂತಿತು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ದನಿ ತಗ್ಗಿಸಿ, "ಮೇಡಂ, ಬರಗಾಲ ಖರೆ. ಆದ್ರೂ ಮಕ್ಳಿಗಿ ಇದನ್ನ ತಿನಸಬ್ಯಾಡ್ರಿ" ಎಂದರು.

ಪ್ರಯೋಗವೆಂದು ತಿಳಿಸಿ ಹೇಳಿದ ಮೇಲೆ ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಪೊಟ್ಟಣವನ್ನು ಪುಕ್ಕಟೆ ಕೊಟ್ಟು, ಜೊತೆಗೊಂದು ಭೂತಗನ್ನಡಿಯನ್ನೂ ಕೈಗಿಟ್ಟರು. ಅವರ ಉಪಕಾರ ನಾನು ಮರೆತಿಲ್ಲ. ಹೊರಡುವಾಗ ಮಾತ್ರ ಮತ್ತೊಮ್ಮೆ ಕೂಗಿ, "ಬಿಸಿಯೂಟ ಬಂದ್ ಆಗಿಲ್ಲಲ್ರಿ?" ಎಂದು ಕೇಳಿ ಖಾತ್ರಿ ಮಾಡಿಕೊಂಡರು.

ಘಾಟಿಲ್ಲದ ಪುಡಿ

ಶುಕ್ರವಾರ ತರಗತಿಯ ಅತಿ ಚುರುಕಿನ ಹುಡುಗಿ ಮೂಲೆಯಲ್ಲಿ ಅಳುತ್ತಾ ಕೂತಿದ್ದಳು. ಬರುವ ಗುರುವಾರ ಅವರ ಮನೆಯವರ ಲಾರಿ. ತಮ್ಮ ಇನ್ನೂ ಎಳೆಗೂಸು. ಅಪ್ಪ ಅವ್ವ ಕೆಲಸಕ್ಕೆ ನಿಂತರೆ ಕೂಸನ್ನು ನೋಡಲು ಇವಳೂ ಹೋಗಬೇಕು. ಊರಲ್ಲಿ ಉಳಿಯುವವಳು ಅವಳ ಅಜ್ಜಿ, ಆಯಿ ಒಬ್ಬಳೇ, ಉಳಿದ ಕುರಿಗಳ ಜೊತೆ. ಆ ಮನೆಯಲ್ಲಿ ಆಯಿ ಹೇಳಿದ್ದೇ ಕಾನೂನು.

ಸಂಜೆಗೆ ನಾನೇ ಅವರ ಮನೆಗೆ ಹೋದೆ. ಆಯಿ ಹಟ್ಟಿಯಲ್ಲಿ ಕೂತಿದ್ದಳು. "ಪೋರಿ ನಿಮ್ಮ ಬಲ್ಲಿ ಇರ್ಲಿ ಆಯಿ. ಏಳನೆತ್ತ ಮುಗೀಲಿ" ಎಂದೆ.

"ಸಾಲ್ಯಾಗ ಏನ ಕಲಸ್ತೀರಿ ಅಕ್ಕೋರ ಅಂಥಾದ್ದು?"

ಪೊಟ್ಟಣ ಬಿಚ್ಚಿ ಅಂಗೈ ಮೇಲೆ ಕಂದು ಪುಡಿ ಸುರಿದು ತೋರಿಸಿದೆ. ಇದು ಸೀಗಡಿಯ ಮೊಟ್ಟೆ ಎಂದು ನಾನು ಹೇಳುವಷ್ಟರಲ್ಲಿ, ಆಯಿ ಎರಡು ಬೆರಳಲ್ಲಿ ಒಂದು ಚಿಟಿಕೆ ಎತ್ತಿ ಸರ್ರನೆ ಮೂಗಿಗೇರಿಸಿಬಿಟ್ಟಳು. ನಶ್ಯದ ಅಭ್ಯಾಸ, ನಲವತ್ತು ವರ್ಷದ್ದು. ಕಣ್ಣು ಮುಚ್ಚಿ ಸೀನಿಗಾಗಿ ಕಾದಳು. ಸೀನು ಬರಲಿಲ್ಲ. ಕಣ್ಣು ಬಿಟ್ಟು, "ಮೋಸ ಹೋಗೀರಿ ಅಕ್ಕೋರ, ಇದಕ್ಕ ಘಾಟೇ ಇಲ್ಲ" ಎಂದಳು.

ಮೊಟ್ಟೆ ಎಂದು ತಿಳಿದ ಮೇಲೆ ನಕ್ಕು ನಕ್ಕು ಸೆರಗಲ್ಲಿ ಕಣ್ಣೊರೆಸಿಕೊಂಡಳು. "ಹುಟ್ಟಿದಾಗಿಂದ ಕುರಿ ಈಯೂದು ನೋಡೀನಿ, ಕೋಳಿ ಕಾವ ಕೂಡೂದು ನೋಡೀನಿ. ಈ ಧೂಳು ಎದ್ದು ತಿರುಗಾಡಿದ್ರ, ಪೋರಿ ನನ್ನ ಬಲ್ಲೇ ಇರ್ಲಿ, ಕೂಸಿಗೂ ನಾನೇ ನೋಡ್ತೇನಿ. ಇಲ್ಲಾಂದ್ರ ಗುರುವಾರ ಲಾರಿ ಹತ್ತತಾಳ. ಕಬೂಲ?"

ಕಬೂಲ್ ಎಂದೆ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಮನೆಗೆ ಬರುವಾಗ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ, ಈ ಪ್ರಯೋಗವನ್ನು ನಾನೇ ಒಮ್ಮೆಯೂ ಮಾಡಿ ನೋಡಿರಲಿಲ್ಲ.

ಒಂದೇ ಸಲ ಉಬ್ಬಿತು

ಶನಿವಾರ ಟ್ಯಾಂಕರ್ ನೀರಿಗೆ ಬಿಸಿಯೂಟದ ಪುಡಿಯುಪ್ಪು ಹಾಕಿ, ತೊಳೆದ ಉಪ್ಪಿನಕಾಯಿ ಬಾಟಲಿಯಲ್ಲಿ ಮೊಟ್ಟೆ ಬಿಟ್ಟೆವು. ಸೋಮವಾರ ಬಂದು ನೋಡಿದರೆ ಪುಡಿ ಪುಡಿಯಾಗಿಯೇ ಇತ್ತು. ಆ ನೀರಿಗೆ ಬ್ಲೀಚಿಂಗ್ ಪುಡಿಯ ವಾಸನೆ, ಉಪ್ಪಿಗೆ ಅಯೋಡಿನ್ ಬೆರಕೆ. ಮೇಲಾಗಿ ಚಳಿ. "ಇನ್ನೂ ಸ್ವಲ್ಪ ಬಿಸುಪು ಬೇಕು" ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ಅಡುಗೆಯ ಅಕ್ಕನ ಕಿವಿಗೆ ಬಿತ್ತು.

ಅಡುಗೆಯ ಅಕ್ಕ ತಾಯಿಯಂಥ ಜೀವ. ಯಾರಿಗೆ ಚಳಿ ಎಂದರೂ ತಡೆಯಲಾರಳು. ಮಧ್ಯಾಹ್ನ ಹೋಗಿ ನೋಡಿದರೆ ಬಾಟಲಿ ಖಾಲಿ, ಅದರ ನೀರು ಒಲೆಯ ಮೇಲೆ ಒಂದು ಪಾತ್ರೆಯಲ್ಲಿ, ಪಕ್ಕದಲ್ಲಿ ಸಾರು.

"ಅಕ್ಕಾ, ಕುದಿಸಿದ್ರೇನು!"

"ಇಲ್ರಿ ಟೀಚರ್, ಅಷ್ಟ ತಿಳೀದಿಲ್ಲೇನ್ರಿ ನನಗ? ಬರೇ ಒಂದ ಸಲ ಉಬ್ಬಿತು, ಇಳಿಸಬೇಕನ್ನೂದ್ರಾಗ ನೀವ ಬಂದ್ರಿ."

ಅಂದು ಮಕ್ಕಳಿಗೆ ಸಾರು ಬಡಿಸುವ ಮುನ್ನ ಎರಡು ಪಾತ್ರೆಗಳಲ್ಲಿ ಯಾವುದು ಸಾರು ಎಂದು ನಾನೇ ನಿಂತು ನೋಡಿದೆ.

ಹನ್ನೊಂದು ಲೋಟ

ಸೋಮವಾರ ಸಂಜೆಗೆ ಲಾರಿಗೆ ಉಳಿದದ್ದು ಎರಡೇ ದಿನ, ಪೊಟ್ಟಣದಲ್ಲಿ ಅರ್ಧ ಪುಡಿ. ನಾನು ತಲೆ ಮೇಲೆ ಕೈಹೊತ್ತು ಕೂತಿದ್ದೆ. ಆಗ ಹುಡುಗಿಯೇ ಎದ್ದು ನಿಂತು, "ಟೀಚರ್, ಕುರಿಗಿ ನೆಕ್ಕಲಾಕ ಇಡೋ ಹರಳುಪ್ಪು ನಮ್ಮ ಮನ್ಯಾಗದ. ಅದಕ್ಕ ಏನೂ ಕೂಡಿಸಿಲ್ರಿ. ಬಾವಿ ನೀರ ಆದ್ರ ವಾಸನಿನೂ ಇರೂದಿಲ್ಲ" ಎಂದಳು. ಪಾಠ ಹೇಳಿದವಳು ನಾನು, ತಿಳಿದುಕೊಂಡವಳು ಅವಳು.

ಆದರೆ ಬಾವಿಯ ನೀರು! ಊರಿಗೆಲ್ಲ ಒಂದೇ ಬಾವಿಯಲ್ಲಿ ಊಟೆ ಉಳಿದಿತ್ತು. ಒಂದು ಕೊಡಕ್ಕೆ ಹೆಂಗಸರು ಬೆಳಗಿನ ಜಾವದಿಂದ ಪಾಳಿ ಹಚ್ಚುತ್ತಿದ್ದರು. ಅದನ್ನು ಸೀಗಡಿಗೆ ಕೊಡಿ ಎಂದು ಯಾವ ಬಾಯಿಂದ ಕೇಳುವುದು? ನಾನು ಕೇಳಲಿಲ್ಲ. ಮಂಗಳವಾರ ಬೆಳಗ್ಗೆ ಹನ್ನೊಂದು ಮಕ್ಕಳೂ ಹನ್ನೊಂದು ಲೋಟ ಹಿಡಿದು, ತುಳುಕದಂತೆ ಒಬ್ಬರ ಹಿಂದೊಬ್ಬರು ಶಾಲೆಗೆ ಬಂದರು. ತಮ್ಮ ಪಾಲಿನ ಕುಡಿಯುವ ನೀರು ಅದು. ನಾನು ಕಪ್ಪುಹಲಗೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಆ ಊರಿನ ಋಣ ಅಂದರೆ ನನಗೆ ಆ ಹನ್ನೊಂದು ಲೋಟ.

ಒಬ್ಬನ ಲೋಟ ಮಾತ್ರ ಅರ್ಧ ಖಾಲಿ. ಏಕೆಂದು ಕೇಳಿದ್ದಕ್ಕೆ, "ದಾರ್ಯಾಗ ನೀರಡಿಕಿ ಆತ್ರಿ" ಎಂದ. ಸೀಗಡಿಗಿಂತ ಮೊದಲು ತನ್ನ ಜೀವ ಉಳಿಸಿಕೊಂಡಿದ್ದ. ವಿಜ್ಞಾನದ ದೃಷ್ಟಿಯಿಂದ ತಪ್ಪು ಹುಡುಕಲಾಗಲಿಲ್ಲ.

ಸಾಕ್ಷಿ

ಆ ನೀರಿಗೆ ಹರಳುಪ್ಪು, ಉಳಿದ ಪುಡಿ ಹಾಕಿ, ಕೋಳಿ ಕಾವು ಕೂಡಿಸುವ ಬುಟ್ಟಿಗೆ ಹೊಟ್ಟು ತುಂಬಿ, ಅದರೊಳಗೆ ಬಾಟಲಿಯನ್ನು ಕೂರಿಸಿ, ಬಿಸಿಲು ಬೀಳುವ ಕಿಟಕಿಯಲ್ಲಿಟ್ಟೆವು. ಬುಧವಾರ ಊಟದ ಬೆಲ್ಲಿಗೆ ಮುಂಚೆ ಹುಡುಗಿ ಭೂತಗನ್ನಡಿ ಹಿಡಿದವಳೇ ಕಿರುಚಿದಳು. ಕಿತ್ತಳೆ ಬಣ್ಣದ ಚುಕ್ಕೆಗಳು, ನೂರಾರು, ಕುಪ್ಪಳಿಸುತ್ತಾ ಬೆಳಕಿನ ಕಡೆ ಈಜುತ್ತಿದ್ದವು! ಅವಳು ಚಪ್ಪಲಿಯನ್ನೂ ಮೆಟ್ಟದೆ ಆಯಿಯನ್ನು ಕರೆಯಲು ಓಡಿದಳು. ಮಕ್ಕಳು ಊಟಕ್ಕೆ ಕೂತರು. ನಾನು ಬಡಿಸಲು ನಿಂತೆ.

ತಿರುಗಿ ಬಂದಾಗ ಬಾಟಲಿ ಬೋರಲಾಗಿತ್ತು. ಗೋಡೆ ಮೇಲೆ ಸುಣ್ಣದಕಡ್ಡಿಯಲ್ಲಿ ದೊಡ್ಡ ಗುರುತು. ಪಕ್ಕದಲ್ಲಿ ಬ್ಯಾಟರಿ ಹಿಡಿದ ಆರೋಗ್ಯ ಇಲಾಖೆಯ ಸಿಸ್ಟರ್. ನೀರು ಕೂಡಿಡುವ ಬರಗಾಲದಲ್ಲಿ ಸೊಳ್ಳೆ ಹೆಚ್ಚು. ಮನೆಮನೆಯ ಹಂಡೆ, ಡ್ರಮ್ಮುಗಳಲ್ಲಿ ಮರಿಹುಳು ಹುಡುಕಿ ಚೆಲ್ಲಿಸುವುದು ಅವರ ಕೆಲಸ, ಅದನ್ನು ಬಹಳ ನಿಷ್ಠೆಯಿಂದ ಮಾಡುವವರು.

"ಸಾಲ್ಯಾಗೇ ಹಿಂಗಾದ್ರ ಹ್ಯಾಂಗ್ರಿ ಟೀಚರ್! ಬಾಟಲಿ ತುಂಬ ಹುಳ! ಬೇವಿನ ಗಿಡಕ್ಕ ಚೆಲ್ಲೀನಿ."

"ಸಿಸ್ಟರ್, ಅದು ಪ್ರಯೋಗ..."

"ಎಲ್ಲಾ ಮನಿಯೋರೂ ಒಂದೊಂದು ಹೇಳ್ತಾರ್ರಿ."

ಇನ್ನೊಮ್ಮೆ ಮೊಟ್ಟೆ ಬಿಟ್ಟರೆ ಒಡೆಯುವ ಹೊತ್ತಿಗೆ ಲಾರಿ ಜಹೀರಾಬಾದ್ ದಾಟಿರುತ್ತದೆ. ಅಷ್ಟರಲ್ಲಿ ಹುಡುಗಿ ಆಯಿಯ ಕೈ ಹಿಡಿದು ಎಳೆಯುತ್ತಾ ಬಂದಳು, ಖಾಲಿ ಬಾಟಲಿ ಕಂಡು ಅಲ್ಲೇ ನಿಂತಳು.

"ಎಲ್ಲ್ಯಾವ ಮರಿ?" ಎಂದಳು ಆಯಿ.

ನಾನು ಬೇವಿನ ಗಿಡದ ಕಡೆ ಕೈ ತೋರಿಸಿದೆ. ಸಿಸ್ಟರ್ ನನ್ನ ಪರವಾಗಿ, ಅಲ್ಲ, ನನ್ನ ವಿರುದ್ಧವಾಗಿ ಶುರುಮಾಡಿದರು. "ನೋಡ್ರಿ ಆಯಿ, ನಿಮ್ಮ ಟೀಚರ್ ಕೆಲಸ! ಜೀವ ಇರೋ ಹುಳ, ತಿರುಗಾಡಾಕತ್ತಿದ್ವು, ನೂರಾರು!"

ಆಯಿ ಹತ್ತಿರ ಬಂದಳು. "ನಿನ್ನ ಕಣ್ಣಿಲೆ ನೋಡೀದಿ?"

"ನನ್ನ ಕಣ್ಣಿಲೆ! ಬ್ಯಾಟ್ರಿ ಹಾಕಿದ್ರ ಬೆಳಕಿನ ಕಡಿಗೇ ಬರ್ತಿದ್ವು. ರಿಜಿಸ್ಟರ್‌ನಾಗೂ ಬರದೀನಿ."

ಆಯಿ ಮೊಮ್ಮಗಳ ಕಡೆ ತಿರುಗಿ, "ನಡಿ, ಗಂಟ ಬಿಚ್ಚು. ನೀ ಹೋಗೂದಿಲ್ಲ" ಎಂದಳು. ನನಗೆ ಹೇಳಿದಳು, "ನೀವ ಹೇಳಿದ್ರ ನಾ ನಂಬ್ತಿದ್ದಿಲ್ಲ ಅಕ್ಕೋರ. ಪೋರಿ ಮ್ಯಾಲಿನ ಪ್ರೀತಿಗಿ ಒಂದ ಸುಳ್ಳ ಹೇಳೋ ಮಂದಿ ನೀವು. ಈಕಿ ನಿಮಗ ಬೈಲಾಕ ಬಂದಾಳ. ಬೈಯೋರಿಗಿ ಸುಳ್ಳ ಹೇಳೋ ದರಕಾರ ಏನದ?"

ಸಿಸ್ಟರ್‌ಗೆ ಏನೊಂದೂ ತಿಳಿಯಲಿಲ್ಲ. ಶಾಲೆಯಲ್ಲಿ ಹುಳು ಸಿಕ್ಕಿದ್ದಕ್ಕೆ ಸಹಿ ಮಾಡಿ ಎಂದು ರಿಜಿಸ್ಟರ್ ಮುಂದೆ ಹಿಡಿದರು. ನಾನು ಸಹಿ ಹಾಕಿ, ಅವರ ಎರಡೂ ಕೈ ಹಿಡಿದು, "ನಿಮ್ಮ ಉಪಕಾರ ಹ್ಯಾಂಗ ತೀರಸ್ಲಿ ಸಿಸ್ಟರ್" ಎಂದು ಅತ್ತುಬಿಟ್ಟೆ. ಅವರು ಹೆದರಿ, ಹೆಡ್‌ಮಾಸ್ತರರ ಬಳಿ ಹೋಗಿ, "ಟೀಚರ್‌ಗಿ ಜ್ವರ ಏನರ ಅವೇನ್ರಿ?" ಎಂದು ವಿಚಾರಿಸಿದರಂತೆ.

ಎರಡನೇ ಸಹಿ

ಈಗ ನಾನು ನಿವೃತ್ತಳಾಗಿ ಭಾಲ್ಕಿಯಲ್ಲಿದ್ದೇನೆ. ಹೋದ ತಿಂಗಳು ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಬ್ಯಾಟರಿ, ಸುಣ್ಣದಕಡ್ಡಿ, ಹೆಗಲಿಗೆ ಚೀಲ. ಅದೇ ಹುಡುಗಿ! ಈಗ ಆರೋಗ್ಯ ಇಲಾಖೆಯಲ್ಲಿ ಕೆಲಸ, ಭಾಲ್ಕಿಗೆ ವರ್ಗವಾಗಿ ಬಂದಿದ್ದಾಳೆ. ಕಾಲಿಗೆ ನಮಸ್ಕಾರ ಮಾಡಿದಳು. ಆಯಿ ಕೊನೆಯವರೆಗೂ ಊರವರಿಗೆಲ್ಲ ಆ ಪಂತದ ಕತೆ ಹೇಳುತ್ತಿದ್ದಳಂತೆ. ಇಬ್ಬರಿಗೂ ಕಣ್ಣೀರು. ಚಹಾ ಇಡಲು ಒಳಗೆ ಹೋದೆ.

ಚಹಾ ತರುವಷ್ಟರಲ್ಲಿ ಅವಳು ಹಿತ್ತಲಿನ ಡ್ರಮ್ಮಿನೊಳಗೆ ಬ್ಯಾಟರಿ ಬಿಟ್ಟು ಬಗ್ಗಿ ನೋಡುತ್ತಿದ್ದಳು.

"ಟೀಚರ್, ಹುಳ ಅವರಿ."

ನಾನು ನಾಚಿ, ಬಾಯಿಗೆ ಬಂದದ್ದು ಹೇಳಿದೆ, "ಅದು... ಪ್ರಯೋಗಕ್ಕ ಇಟ್ಟೀನವ್ವ."

ಅವಳು ನಗಲಿಲ್ಲ. ಡ್ರಮ್ಮಿನ ನೀರನ್ನು ಕರಿಬೇವಿನ ಗಿಡಕ್ಕೆ ಚೆಲ್ಲಿ, ಗೋಡೆಗೆ ಗುರುತು ಹಾಕಿ, ರಿಜಿಸ್ಟರ್ ತೆಗೆದು ನನ್ನ ಮುಂದೆ ಹಿಡಿದಳು. "ಎಲ್ಲಾ ಮನಿಯೋರೂ ಒಂದೊಂದು ಹೇಳ್ತಾರ್ರಿ ಟೀಚರ್. ಸಹಿ ಮಾಡ್ರಿ."