ಸ್ಟಾರ್ಟರಿಗೆ ಮೂರು ಕೋಟು ಬಣ್ಣ

ಹೆಂಡತಿ: ಅದು ನಾನು ಬಟ್ಟೆ ಕತ್ತರಿಸೋ ಮೇಜು ಕಣ್ರೀ! ಕಬ್ಬಿಣದ ಕುಂಬಳಕಾಯಿ ಇಡೋ ಜಾಗ ಅಲ್ಲ!

ಯಜಮಾನರು: ಕುಂಬಳಕಾಯಿ ಅನ್ಬೇಡ ಕಣೇ. ಸ್ಟಾರ್ಟರ್ ಮೋಟಾರ್ ಅದು. ಮಲಗಿರೋ ಎಂಜಿನ್ನನ್ನ ಎಬ್ಬಿಸೋದೇ ಇದರ ಕೆಲಸ.

ಹೆಂಡತಿ: ಮಲಗಿರೋ ನಿಮ್ಮನ್ನ ದಿನಾ ಎಬ್ಬಿಸೋದು ನನ್ನ ಕೆಲಸ. ನನಗೆ ಯಾರಾದ್ರೂ ಹೀಗೆ ಎಣ್ಣೆ ಸವರಿ, ಒರೆಸಿ, ಮೇಜಿನ ಮೇಲೆ ಕೂರಿಸಿದ್ರಾ?

ಈ ಮಾತು ನಡೆದದ್ದು ಶೆಡ್ಡಿನ ಬಾಗಿಲಲ್ಲಿ. ಶೆಡ್ಡಿನ ಒಳಗೆ ಯಜಮಾನರ ತಂದೆಯ ಕಾಲದ ಕಾರು. ಅದು ಕೊನೆಯ ಸಲ ರಸ್ತೆಯಲ್ಲಿ ಓಡಿದ್ದನ್ನು ಕಂಡವರ ಪೈಕಿ ಈಗ ಬದುಕಿರುವುದು ಒಂದು ಆಮೆ ಮಾತ್ರ. ಅದೂ ಆ ದಿನ ಕಾರನ್ನು ಹಿಂದೆ ಹಾಕಿದ ಹೆಮ್ಮೆಯಿಂದ ಜೀವ ಹಿಡಿದುಕೊಂಡಿದೆ. ಯಜಮಾನರದು ಮೊದಲು ಬಣ್ಣದ ಅಂಗಡಿ. ಅಂಗಡಿ ಮುಚ್ಚಿದಾಗ ಉಳಿದ ಡಬ್ಬಗಳೆಲ್ಲ ಅವರ ಹಿಂದೆಯೇ ಮನೆಗೆ ಬಂದವು. ಅಂದಿನಿಂದ ಅವರು ಬಳಿಯದ ವಸ್ತುವಿಲ್ಲ. ಕೋಟಿನ ಮೇಲೆ ಕೋಟು ಏರಿ ಮಲಗುವ ಕೋಣೆಯ ಗೋಡೆಗಳು ಎಷ್ಟು ಒಳಕ್ಕೆ ಬಂದಿದ್ದವೆಂದರೆ ಮಂಚದ ಒಂದು ತುದಿ ಕತ್ತರಿಸಬೇಕಾಯಿತು. ಒಂದೇ ಕಡೆ ಕೂತರೆ ತನಗೂ ಬಳಿದಾರೆಂದು ಬೆಕ್ಕು ಆ ಮನೆಯಲ್ಲಿ ನಿಂತೇ ನಿದ್ದೆ ಮಾಡುತ್ತಿತ್ತು.

ಹೆಂಡತಿ ಹೊಲಿಗೆಯವರು. ನಾಟಕದ ಹಾಲ್ ಒಂದಕ್ಕೆ ಪರದೆ ಹೊಲಿಯುವ ಕೆಲಸ ಸಿಕ್ಕಿತ್ತು. ಆನೆಯ ಹೊದಿಕೆಯಷ್ಟು ಬಟ್ಟೆ ಹರಡಲು ಅವರಿಗೆ ಬೇಕಾಗಿದ್ದುದು ಈ ಶೆಡ್ಡು.

ಹೆಂಡತಿ: ಕೊನೇ ಸಲ ಹೇಳ್ತಿದ್ದೀನಿ. ಸಂಜೆ ಗುಜರಿಯವನು ಬರ್ತಾನೆ. ಅಷ್ಟರೊಳಗೆ ಸ್ಟಾರ್ಟ್ ಆಗಲಿಲ್ವೋ, ನಿಮ್ಮ ಹಳೇ ಕಾರು ಅವನ ಪಾಲು.

ಯಜಮಾನರು: ಹಳೇ ಕಾರಲ್ಲ, ಕ್ಲಾಸಿಕ್ ಕಾರು!

ಹೆಂಡತಿ: ಓಡಿದ್ರೆ ಹಳೇದು, ಓಡದಿದ್ರೆ ಕ್ಲಾಸಿಕ್ಕು. ಇಷ್ಟು ವರ್ಷದಲ್ಲಿ ನನಗೂ ಗೊತ್ತಾಗಿದೆ.

ಯಜಮಾನರು: ನಾನು ನ್ಯಾಯ ತಪ್ಪಿದ್ದೀನಾ ಹೇಳು? ನಿಂತ ಕಾರನ್ನ ಬೀದೀಲಿ ಬಿಡೋದು ಮಾನವಂತರ ಲಕ್ಷಣ ಅಲ್ಲ, ಅದು ಓಡೋ ಹಾಗಾದ ದಿನ ಶೆಡ್ ನಿಂದೇ ಅಂತ ಅವತ್ತೇ ಮಾತು ಕೊಟ್ಟಿದ್ದೀನಿ.

ಇದು ನಿಜ. ಕಾರಿನ ಮೇಲೆ ಪೂರ್ತಿ ಭರವಸೆಯಿಟ್ಟೇ ಆ ಮಾತು ಕೊಟ್ಟಿದ್ದರು. ಆಗ ಗುಜರಿಯವನ ಸುದ್ದಿ ಇರಲಿಲ್ಲ.

ಅಷ್ಟರಲ್ಲಿ ಮೇಜಿನ ಕೆಳಗಿಂದ ಎದ್ದವನು ಹೆಂಡತಿಯ ತಮ್ಮ, ವಾಚ್ ರಿಪೇರಿಯವನು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ.

ಭಾವಮೈದ: ಭಾವ, ನೀವು ಧೈರ್ಯವಾಗಿರಿ. ಕಾರು ಅಂದ್ರೆ ಏನು? ದೊಡ್ಡ ವಾಚು. ಅಷ್ಟೇ.

ಹೆಂಡತಿ: ನೀನು ರಿಪೇರಿ ಮಾಡಿದ ನನ್ನ ವಾಚು ನಿಂತೇ ಇದೆಯಲ್ಲೋ!

ಭಾವಮೈದ: ನಿಂತಿಲ್ಲ ಅಕ್ಕ, ನಿಧಾನ. ನಿನಗೆ ತಾಳ್ಮೆ ಇಲ್ಲ. ಭಾವ, ಕೆಂಪು ವೈರು ಇಲ್ಲಿ. ಕಪ್ಪು ವೈರಿನ ಕ್ಲಿಪ್ಪು ಮೋಟಾರಿನ ಮೈಗೆ ಕಚ್ಚಿಸಿ. ಆಹಾ, ಏನು ಹೊಳಪು ಭಾವ! ಇದಕ್ಕೂ ಬಳಿದ್ರಾ?

ಯಜಮಾನರು: ಮೂರು ಕೋಟು! ಮೈಗೆ, ಮೂತಿಗೆ, ಬೋಲ್ಟಿನ ಕುತ್ತಿಗೆಗೆ, ಅದು ಕೂರೋ ಜಾಗಕ್ಕೆ, ಒಂದು ಕಡೆ ಬಿಟ್ಟಿಲ್ಲ. ನೋಡ್ಕೊಂಡು ತಲೆ ಬಾಚ್ಕೋಬಹುದು. ಸರಿ, ಬ್ಯಾಟರಿಗೆ ಕೊಡ್ತೀನಿ, ಗಟ್ಟಿಯಾಗಿ ಹಿಡ್ಕೋ.

ಭಾವಮೈದ: ಯಂತ್ರವನ್ನ ಎರಡೇ ಬೆರಳಲ್ಲಿ ಹಿಡೀಬೇಕು ಭಾವ. ಅದು ಕಸುಬಿನ ಮರ್ಯಾದೆ.

ವೈರು ತಾಗಿತು. ಮೋಟಾರು ಒಮ್ಮೆ 'ಘುರ್ರ್' ಎಂದು ಎರಡು ಬೆರಳಿನ ಮರ್ಯಾದೆಯನ್ನು ಕೊಡವಿ, ಕಪ್ಪೆಯಂತೆ ಹಾರಿ, ಮೇಜಿನ ಮೇಲಿದ್ದ ನಾಟಕದ ಪರದೆಯನ್ನು ಹಲ್ಲುಚಕ್ರಕ್ಕೆ ಸುತ್ತಿಕೊಂಡು, ವೈರು ಕಳಚಿಕೊಂಡು ನೆಲಕ್ಕೆ ಬಿತ್ತು. ಪರದೆಯ ಇನ್ನೊಂದು ತುದಿಯಲ್ಲಿ ಭಾವಮೈದನಿದ್ದ.

ಯಜಮಾನರು: ತಿರುಗಿತು! ನೋಡಿದ್ಯೇನೇ, ತಿರುಗಿತು!

ಹೆಂಡತಿ: ನನ್ನ ತಮ್ಮ ತಿರುಗಿದ್ದನ್ನೂ ನೋಡಿದೆ. ಪರದೆ ಹರಿದಿದ್ರೆ ಮಾತ್ರ ನಿಮ್ಮಿಬ್ಬರನ್ನೂ ಸೇರಿಸಿ ಹೊಲೀತೀನಿ!

ಪರದೆ ಹರಿದಿರಲಿಲ್ಲ. ಭಾವ, ಭಾವಮೈದ ಇಬ್ಬರೂ ಕಾರಿನ ಕೆಳಗೆ ತೂರಿದರು. ಸ್ವಲ್ಪ ಹೊತ್ತು ಎರಡು ಜೊತೆ ಕಾಲುಗಳಷ್ಟೇ ಮಾತಾಡಿದವು.

—ಎತ್ತಯ್ಯಾ ಮೇಲಕ್ಕೆ!

—ಎತ್ತಿದ್ದೀನಿ ಭಾವ. ನೀವು ಹಿಡ್ಕೊಳ್ಳಿ, ಬೋಲ್ಟು ನಾನು ಬಿಗೀತೀನಿ.

—ಬೋಲ್ಟಲ್ಲ, ಅದು ನನ್ನ ಬೆರಳು!

—ಅದಕ್ಕೇ ಬಿಗಿಯಾಗ್ತಿಲ್ಲ.

ಮೋಟಾರು ಕೂತಿತು, ವೈರೂ ಸೇರಿತು. ಯಜಮಾನರು ಸೀಟಿನಲ್ಲಿ ಕೂತು, ಕೆಮ್ಮಿ, ಬೀಗದ ಕೈ ತಿರುಗಿಸಿದರು.

'ಟಕ್.'

ಅಷ್ಟೇ. ಮತ್ತೆ ತಿರುಗಿಸಿದರೆ ಮತ್ತೊಂದು 'ಟಕ್'. ಬಿಚ್ಚಿ ಹೊರತಂದು ಬ್ಯಾಟರಿ ಕೊಟ್ಟರೆ ಬುಗುರಿಯಂತೆ ಸುತ್ತಿತು. ಒಳಗೆ ಕೂರಿಸಿದರೆ 'ಟಕ್'. ಹೀಗೆ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ, ಬೋಲ್ಟುಗಳೇ ದಾರಿ ಕಲಿತು ತಾವಾಗಿ ಹೊರಗೆ ಬರತೊಡಗಿದವು.

ಭಾವಮೈದ: ಮೋಟಾರು ಸರಿ ಇದೆ, ಬ್ಯಾಟರಿ ಸರಿ ಇದೆ. ಕಾರಿಗೇ ಮನಸ್ಸಿಲ್ಲ ಭಾವ.

ಯಜಮಾನರು: ಹೊರಗಿದ್ರೆ ಚುರುಕು, ಒಳಗಿಟ್ರೆ ಸುಸ್ತು. ಏನು ಜಾತಿ ಮೋಟಾರಯ್ಯಾ ಇದು?

ಹೆಂಡತಿ: ಗಂಡಸರ ಜಾತಿ. ಬಂದೋರ ಮುಂದೆ ಬೆಟ್ಟ ಎತ್ತುತ್ತೆ, ಮನೆಯೊಳಗೆ ಲೋಟ ಎತ್ತಲ್ಲ.

ಯಜಮಾನರು: ನೀನು ಅಪಶಕುನ ನುಡೀಬೇಡ. ಗುಜರಿಯವನು ಬರೋಕೆ ಇನ್ನೂ ಹೊತ್ತಿದೆ.

ಹೆಂಡತಿ: ನಿನ್ನೇನೇ ಬಂದಿದ್ನಂತೆ! ಗೇಟಲ್ಲಿ ನಿಂತು ಬೆಲ್ ಒತ್ತಿ ಒತ್ತಿ ಬೆರಳು ಊದಿಸ್ಕೊಂಡು ಹೋದ್ನಂತೆ. ಸದ್ದಾದ್ರೆ ತಾನೇ? ಬೆಲ್ ಬಿಚ್ಚಿ ಒಳಗಿನ ತಗಡಿಗೂ ಬಳಿದಿದ್ದೀರಲ್ಲ, ತುಕ್ಕು ಹಿಡಿಯುತ್ತೆ ಅಂತ. ಬಣ್ಣ ದಾಟಿ ಕರೆಂಟು ಹೇಗೆ ಬರುತ್ತೆ, ಏಣಿ ಹಾಕ್ಕೊಂಡಾ? ಇವತ್ತು ಬಂದ್ರೆ ಗೇಟಲ್ಲೇ ಕೂಗಪ್ಪಾ ಅಂತ ಹೇಳಿ ಕಳಿಸಿದ್ದೀನಿ.

ಭಾವಮೈದನ ಭೂತಗನ್ನಡಿ ಕಣ್ಣಿಂದ ಜಾರಿ ಅಂಗಿಯೊಳಗೆ ಬಿತ್ತು.

ಭಾವಮೈದ: ಭಾವ... ಮೋಟಾರು ಕೂರೋ ಜಾಗಕ್ಕೂ ಬಳಿದೆ ಅಂದ್ರಲ್ಲ?

ಯಜಮಾನರು: ಮೂರು ಕೋಟು.

ಭಾವಮೈದ: ಕರೆಂಟು ವೈರಲ್ಲಿ ಬರುತ್ತೆ, ವಾಪಸ್ ಹೋಗಬೇಕಾದ್ದು ಮೋಟಾರಿನ ಮೈಯಿಂದ ಎಂಜಿನ್ನಿನ ಮೈಗೆ. ಮಧ್ಯ ನಿಮ್ಮ ಬಣ್ಣ ಗೋಡೆ ಕಟ್ಟಿ ಕೂತಿದೆ! ಹೊರಗೆ ಕ್ಲಿಪ್ಪಿನ ಹಲ್ಲು ಬಣ್ಣ ಕಚ್ಚಿ ಕಬ್ಬಿಣ ಮುಟ್ಟಿತ್ತು, ಅದಕ್ಕೇ ಸುತ್ತುತ್ತಿತ್ತು. ಕೆರೀಬೇಕು ಭಾವ.

ಯಜಮಾನರು: ಏನನ್ನ?

ಭಾವಮೈದ: ಬಣ್ಣಾನ.

ಯಜಮಾನರು: ಬೇರೆ ದಾರಿ ನೋಡಯ್ಯಾ. ಹೊಸ ಎಂಜಿನ್ ತರೋಣ್ವಾ?

ಹೆಂಡತಿ: ಎರಡರಲ್ಲಿ ಒಂದು ಹೇಳಿಬಿಡಿ. ಕಾರು ಬೇಕೋ, ಬಣ್ಣ ಬೇಕೋ?

ಯಜಮಾನರು ಉತ್ತರಕ್ಕೆ ತೆಗೆದುಕೊಂಡ ಸಮಯದಲ್ಲಿ ಆ ಆಮೆ ಊರಿಗೆ ಎರಡು ಸುತ್ತು ಹಾಕಬಹುದಿತ್ತು. ಕೊನೆಗೆ ಉಪ್ಪುಕಾಗದ ಹಿಡಿದರು. ಒಂದೊಂದು ಉಜ್ಜಿಗೂ ಒಂದೊಂದು ನಿಟ್ಟುಸಿರು. ಅಂತೂ ಬಿಳಿಯ ಕಬ್ಬಿಣ ಮುಖ ತೋರಿಸಿತು. ಮೋಟಾರು ಮತ್ತೆ ಕೂತಿತು. ಬೀಗದ ಕೈ ತಿರುಗಿತು.

ಕಾರು ಮೊದಲು ನರಳಿತು, ಆಮೇಲೆ ಸೀನಿತು. ಹೊಗೆಯ ಕೊಳವೆಯಿಂದ ಮೂರು ತಲೆಮಾರಿನ ಜೇಡಗಳು ಮನೆಮಠ ಬಿಟ್ಟು ಹೊರಬಿದ್ದವು. ಎಂಜಿನ್ನು ಗುಡುಗತೊಡಗಿತು.

ಯಜಮಾನರು: ಉಳೀತು! ನನ್ನ ಕಾರು ಉಳೀತು! ಕೂಗಲಿ ಈಗ ಗುಜರಿಯವನು!

ಯಜಮಾನರು ಅಳುತ್ತಿದ್ದರು; ಭಾವಮೈದ ಕುಣಿಯುತ್ತಿದ್ದ. ಹೆಂಡತಿ ಮಾತ್ರ ಆಗಲೇ ಶೆಡ್ಡಿನ ಎರಡೂ ಬಾಗಿಲು ತೆರೆದು ನಿಂತಿದ್ದರು. ಅವರ ಮುಖದಲ್ಲಿ ಅಂಥ ನಗು ಮದುವೆಯ ಫೋಟೋದಲ್ಲೂ ಇರಲಿಲ್ಲ.

ಹೆಂಡತಿ: ಒಂದು ಸುತ್ತು ಹೋಗಿಬನ್ನಿ ಅಂದ್ರೆ! ಬೀದಿಯೋರೆಲ್ಲ ನೋಡಲಿ. ಹೋಗೋ, ಭಾವನ ಪಕ್ಕ ಕೂತ್ಕೋ.

ಯಜಮಾನರು: ನೋಡಿದ್ಯೇನಯ್ಯಾ? ನಿಮ್ಮಕ್ಕ ಕೊನೆಗೂ ಸೋತಳು!

ಕಾರು ಬೀದಿ ಸುತ್ತಿ, ಇಬ್ಬರು ಸೈಕಲ್ಲಿನವರಿಗೆ ದಾರಿ ಬಿಟ್ಟು, ಗೆದ್ದ ಸೇನಾಪತಿಯಂತೆ ವಾಪಸಾಯಿತು. ಶೆಡ್ಡಿನ ಬಾಗಿಲು ಮುಚ್ಚಿತ್ತು. ಒಳಗಿನಿಂದ ಹೊಲಿಗೆ ಮಿಷನ್ನಿನ ಸದ್ದು ಬರುತ್ತಿತ್ತು.

ಯಜಮಾನರು: ಲೇ! ಬಾಗಿಲು ತೆಗಿಯೇ!

ಭಾವಮೈದ: ಎಂಜಿನ್ ಸದ್ದಲ್ಲಿ ಕೇಳಿಸಲ್ಲ ಭಾವ, ಹಾರನ್ ಹೊಡೀರಿ.

ಯಜಮಾನರು ಒತ್ತಿದರು. ಹಾರನ್ನು ಉಸಿರೆತ್ತಲಿಲ್ಲ.

ಭಾವಮೈದ: ಇದಕ್ಕೂ ಬಳಿದಿದ್ದೀರಾ?

ಯಜಮಾನರು: ಎರಡೇ ಕೋಟು.

ಶೆಡ್ಡಿನ ಕಿಟಕಿ ತೆರೆಯಿತು. ಹೆಂಡತಿಯ ಬಾಯಲ್ಲಿ ಸೂಜಿ, ಹೆಗಲ ಮೇಲೆ ಪರದೆ. ಸೂಜಿಯನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡರು.

ಹೆಂಡತಿ: ಓಡೋ ಹಾಗಾದ ದಿನ ಶೆಡ್ ನಿಂದೇ ಅಂದಿದ್ರಲ್ಲ? ಓಡಿತು. ಮಾನವಂತರ ಕಾರು, ಬೀದೀಲಿ ನಿಲ್ಲಲಿ.

ಯಜಮಾನರು: ಹಾಗಂದ್ರೆ... ಗುಜರಿಯವನು ಬರಲ್ವಾ?

ಹೆಂಡತಿ: ಅವನು ಬೆಳಗ್ಗೇನೇ ಆಗಲ್ಲ ಅಂತ ಹೇಳಿ ಕಳಿಸಿದ ಕಣ್ರೀ. ಕಾರನ್ನ ನಾವೇ ಗೇಟಿನ ತನಕ ತಂದುಕೊಡಬೇಕಂತೆ. ನಿಮ್ಮಿಬ್ಬರ ಸೊಂಟ ನೋಡಿದ್ರೆ ತಳ್ಳೋ ಹಾಗಿದೆಯಾ? ಅದಕ್ಕೇ ಅದರ ಕಾಲ ಮೇಲೆ ಅದೇ ಹೊರಗೆ ಹೋಗಲಿ ಅಂತ ಕಾದೆ. ಇನ್ನು ಎಂಜಿನ್ ಆರಿಸಿ.

ಯಜಮಾನರು: ಆರಿಸಿದ್ರೆ ಮತ್ತೆ ಸ್ಟಾರ್ಟ್ ಆಗುತ್ತೋ ಇಲ್ವೋ!

ಹೆಂಡತಿ: ಹಾಗಾದ್ರೆ ಅಲ್ಲೇ ಕೂತಿರಿ. ಹಸಿವಾದಾಗ ಬೆಲ್ ಒತ್ತಿ, ಬಂದು ತೆಗೀತೀನಿ.